ಟೇಪು ಅಡ್ಡಕ್ಕೂ ಹಿಡೀಬೇಕಿತ್ತು

ಕಾರು ತಗೊಳ್ಳೋ ಯೋಚನೆ ಇರುವವರು ಒಂದು ಕೆಲಸ ಮಾಡಿ. ವೆನ್ಯೂ, ಸೋನೆಟ್, ಬ್ರೆಜಾ, ನೆಕ್ಸಾನ್, ಡಿಜೈರ್ ಬ್ರೋಷರ್ ತೆಗೆದು ಉದ್ದ ಎಷ್ಟು ಅಂತ ನೋಡಿ. ಎಲ್ಲದಕ್ಕೂ 3995 ಮಿಲಿಮೀಟರ್. ಕಂಪನಿ ಬೇರೆ, ಡಿಸೈನರ್ ಬೇರೆ, ಆದರೂ ಎಲ್ಲರ ಪೆನ್ಸಿಲ್ಲೂ ಒಂದೇ ಜಾಗದಲ್ಲಿ ನಿಂತಿದೆ. ನಿಲ್ಲಿಸಿದ್ದು ದೆಹಲಿಯ ಹಣಕಾಸು ಖಾತೆ.

2006ರ ಬಜೆಟ್ಟಲ್ಲಿ ಶುರುವಾಗಿದ್ದು ಇದು. ಉದ್ದ ನಾಲ್ಕು ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. ಅಷ್ಟಿದ್ದರೆ ಸಣ್ಣ ಕಾರು, ಸುಂಕ ಕಡಿಮೆ. ಆಮೇಲೆ ಜಿಎಸ್‌ಟಿ ಬಂತು, ಗೆರೆ ಅಲ್ಲೇ ಉಳೀತು. 2025ರ ಸೆಪ್ಟೆಂಬರ್‌ನಿಂದ ಗೆರೆ ಒಳಗಿದ್ದರೆ ಶೇ 18, ಹೊರಗಿದ್ದರೆ ಶೇ 40. ಪಾಪ ಬ್ರೆಜಾ! ಉದ್ದ ಕಾಯ್ದುಕೊಂಡಿದೆ, ಆದರೆ ಪೆಟ್ರೋಲ್ ಎಂಜಿನ್ 1462 ಸಿಸಿ. ಗಿಡ್ಡ ಆಗಿಯೂ 40 ಕಟ್ಟುತ್ತೆ.

ಈ ಗೆರೆಗೆ ಸಿಕ್ಕಿ ಜಾಸ್ತಿ ಪೆಟ್ಟು ತಿಂದದ್ದು ಡಿಜೈರ್. 2008ರ ಮೊದಲ ಗಾಡಿ 4160 ಮಿ.ಮೀ. ಉದ್ದ, ಡಿಕ್ಕಿ 440 ಲೀಟರ್. ಮದುವೆಗೆ ಹೊರಟರೆ ದೊಡ್ಡ ಸೂಟ್‌ಕೇಸು, ಸೀರೆ ಬ್ಯಾಗು, ತೆಂಗಿನಕಾಯಿ ಚೀಲ ಎಲ್ಲ ಒಳಗೆ ಹೋಗಿ ಡಿಕ್ಕಿ ಮುಚ್ಚುತ್ತಿತ್ತು. 2012ರಲ್ಲಿ ಬಾಲ ಕತ್ತರಿಸಿದರು. ಡಿಕ್ಕಿ 316 ಲೀಟರ್ ಆಯ್ತು. ಬಟ್ಟೆ ಸಾಲದೆ ಟೈಲರ್ ಅಂಗಿಯ ಹಿಂಭಾಗ ಮಾತ್ರ ಗಿಡ್ಡ ಹೊಲಿದು ಕೊಟ್ಟ ಹಾಗಿತ್ತು. ಕಾರು ಹುಚ್ಚಿನವರೆಲ್ಲ ಸೇರಿ ನಕ್ಕಿದ್ದೇ ನಕ್ಕಿದ್ದು. ಜನ ಮಾತ್ರ ಅದನ್ನೇ ಮುಗಿಬಿದ್ದು ತಗೊಂಡರು. 2017ರಲ್ಲಿ ಅದೇ ಉದ್ದದೊಳಗೆ 378 ಲೀಟರ್ ಮಾಡಿದರು, ಆಕಾರವೂ ಸರಿಹೋಯ್ತು. ನಮಗೆ ಬೈಯೋಕೆ ಏನೂ ಉಳೀಲಿಲ್ಲ.

ಅಷ್ಟರಲ್ಲಿ ಸಿಎನ್‌ಜಿ ಬಂತಲ್ಲ. ಏರ್‌ಪೋರ್ಟಿಗೆ ಟ್ಯಾಕ್ಸಿ ಕರೆದು ಡಿಕ್ಕಿ ತೆಗೆದರೆ ಒಳಗೆ ಸಿಲಿಂಡರ್ ಆರಾಮಾಗಿ ಮಲಗಿರುತ್ತೆ. "ಒಂದು ಮುಂದಿನ ಸೀಟಲ್ಲಿ ಇಡಿ ಸಾರ್, ಇನ್ನೊಂದು ಹಿಂದೆ ನಿಮ್ ಪಕ್ಕ." ಆ 378 ಲೀಟರ್ ಎಲ್ಲಿ ಹೋಯ್ತು ಅಂದರೆ, ಬ್ರೋಷರಿನಲ್ಲಿದೆ.

ಇಷ್ಟಾದರೂ ಉದ್ದದ ಬಗ್ಗೆ ನನಗೆ ತಕರಾರಿಲ್ಲ. ಗಾಂಧಿ ಬಜಾರಲ್ಲಿ ಪಾರ್ಕಿಂಗ್ ಹುಡುಕಿದವರು ಗಿಡ್ಡ ಗಾಡಿಯನ್ನು ಬೈಯಲ್ಲ. ನನ್ನ ಸಿಟ್ಟು ಅಗಲದ ಮೇಲೆ. ಸರ್ಕಾರ ಉದ್ದ ಅಳೆಯುತ್ತೆ, ಎಂಜಿನ್ ಅಳೆಯುತ್ತೆ, ಅಗಲ ಎಷ್ಟು ಅಂತ ಕೇಳೋದೇ ಇಲ್ಲ. ಉದ್ದಕ್ಕೆ ಬಿಡದಿದ್ದ ಮೇಲೆ ಗಾಡಿಗಳು ಅಡ್ಡಡ್ಡ ಬೆಳೆದವು. ಮಾರುತಿ 800ರ ಅಗಲ 1440 ಮಿ.ಮೀ. ಈಗಿನ ನೆಕ್ಸಾನ್ 1804. ಒಂದು ಅಡಿಗಿಂತ ಜಾಸ್ತಿ, ಅದೂ ಕನ್ನಡಿ ಬಿಟ್ಟು. ನಮ್ಮ ಕ್ರಾಸ್ ರಸ್ತೆ ಒಂದು ಇಂಚಾದರೂ ಅಗಲ ಆಗಿದೆಯಾ? ಎರಡೂ ಕಡೆ ಗಾಡಿ ನಿಂತಿರುತ್ತೆ, ಮಧ್ಯೆ ಎರಡು ಎಸ್‌ಯುವಿ ಎದುರುಬದುರು.

"ಸ್ವಲ್ಪ ರಿವರ್ಸ್ ತಗೊಳ್ಳಿ ಸಾರ್."

"ನೀವೇ ತಗೊಳ್ಳಿ, ನನ್ ಹಿಂದೆ ಸ್ಕೂಲ್ ವ್ಯಾನ್ ಇದೆ."

ಕೊನೆಗೆ ತರಕಾರಿ ಗಾಡಿಯವರು ತಕ್ಕಡಿ ಬಿಟ್ಟು ಬಂದು, ಇಬ್ಬರ ಕನ್ನಡಿಯನ್ನೂ ಮಡಚಿ, "ಬರ್ಲಿ, ಬರ್ಲಿ, ಬರ್ಲಿ... ಸಾಕ್" ಅನ್ನಬೇಕು. 360 ಡಿಗ್ರಿ ಕ್ಯಾಮೆರಾಗೆ ದುಡ್ಡು ಕೊಟ್ಟವರೂ ಅವರ ಕೈಯನ್ನೇ ನೋಡ್ತಾರೆ.

ಜಪಾನಿನವರು ಇದರಲ್ಲಿ ಬಲು ಬುದ್ಧಿವಂತರು. ಅಲ್ಲಿ 'ಕೇ ಕಾರು' ಅಂತ ಪುಟಾಣಿ ಕಾರುಗಳ ವರ್ಗವೇ ಇದೆ. ಅದಕ್ಕೆ ಉದ್ದ 3.4 ಮೀಟರ್, ಅಗಲ 1.48, ಎತ್ತರ 2 ಮೀಟರ್, ಎಂಜಿನ್ 660 ಸಿಸಿ ಮೀರಬಾರದು. ನಾಲ್ಕೂ ಕಡೆ ಬೇಲಿ. ಬೆಳೆಯೋಕೆ ಸ್ವಲ್ಪ ಜಾಗ ಉಳಿದದ್ದು ಮೇಲಕ್ಕೆ ಮಾತ್ರ. ಹಾಗಾಗಿಯೇ 1993ರಲ್ಲಿ ವ್ಯಾಗನ್ ಆರ್ ಅಷ್ಟು ಎತ್ತರ ಹುಟ್ಟಿತು. ನಮ್ಮದು ಆ ಅಳತೆಗಿಂತ ದೊಡ್ಡದು, ಆದರೂ ಅಗಲ 1620ಕ್ಕೇ ನಿಂತಿದೆ. ಮೈಸೂರು ಪೇಟ ತೆಗೆಯದೆ ಮದುಮಗ ಕೂರಬಹುದು, ಚಿಕ್ಕಪೇಟೆಯಲ್ಲೂ ತೂರಿಕೊಂಡು ಹೋಗುತ್ತೆ. ನೋಡೋಕೆ ಚೆಂದ ಇಲ್ಲ ಅಂತೀರಾ? ಹೌದು, ಇಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಸಣ್ಣ ಕಾರಿನ ರಿಯಾಯಿತಿ ಬೇಕಾದರೆ ಅಗಲ 1700 ಮಿ.ಮೀ. ದಾಟಬಾರದು ಅಂತ ಇನ್ನೊಂದು ಸಾಲು ಸೇರಿಸಲಿ. ಹಿಂದಿನ ಸೀಟಲ್ಲಿ ಮೂರು ಜನ ಹೇಗೆ ಕೂರೋದು ಅಂತ ಕೇಳ್ತೀರಿ, ಗೊತ್ತು. ಈಗ 1800ರಲ್ಲೂ ಮಧ್ಯ ಕೂತವರು ಯಾರಾದರೂ ಖುಷಿಯಾಗಿ ಇಳಿದದ್ದು ನೋಡಿದ್ದೀರಾ? ಮನೇಲಿ ಚಿಕ್ಕವರು ಯಾರೋ, ಅಲ್ಲಿ ಅವರೇ ಕೂರೋದು. ಇನ್ಮೇಲೂ ಅವರೇ ಕೂರಲಿ ಬಿಡಿ.