ಮುತ್ತಜ್ಜನ ಮನೆಗೆ ಎಷ್ಟು ಕಿಟಕಿ?

ಬಾಸ್ಟನ್ನಿನಲ್ಲಿರುವ ನನ್ನ ಅಕ್ಕನ ಮಗನ ಆಫೀಸಿನಲ್ಲಿ ಐರ್ಲೆಂಡ್ ಮೂಲದವನೊಬ್ಬ ಇದ್ದಾನೆ. ಅವನು ಕೂತಲ್ಲೇ ತನ್ನ ಮುತ್ತಜ್ಜನ ಮನೆ ಪತ್ತೆ ಮಾಡಿದನಂತೆ. ಐರ್ಲೆಂಡಿನ 1901 ಮತ್ತು 1911ರ ಜನಗಣತಿ ಹಾಳೆಗಳು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ಗೋಡೆ ಎಂಥದ್ದು, ಸೂರು ಎಂಥದ್ದು, ಮನೆ ಮುಂದೆ ಎಷ್ಟು ಕಿಟಕಿ, ಎಲ್ಲಾ ಬರೆದಿಟ್ಟಿದ್ದಾರೆ. ನಮ್ಮ ಹುಡುಗನಿಗೆ ಹೊಟ್ಟೆಕಿಚ್ಚು. ಒಂದು ರಾತ್ರಿ ಫೋನ್ ಮಾಡಿ, "ಮಾಮ, ನಿಮ್ಮ ಮುತ್ತಜ್ಜನ ಮನೆ ಅಡ್ರೆಸ್ ಬೇಕು. ಎಷ್ಟು ಕಿಟಕಿ ಇತ್ತು ಅಂತಾನೂ ನೋಡಿ" ಎಂದ. ಹಾಸನದಲ್ಲಿರುವ ಮಾಮನಿಗೆ ಬೇರೆ ಕೆಲಸ ಇಲ್ಲ ಅಂತ ಅವನ ನಂಬಿಕೆ. ರಿಟೈರ್ ಆದಮೇಲೆ ಅದು ನಿಜವೂ ಹೌದು.

ಮೊದಲು ಖಾನೇಷುಮಾರಿ ಹಿಡಿದೆ. ಮೈಸೂರು ಸೀಮೆಯಲ್ಲಿ 1871ರಲ್ಲೇ ತಲೆ ಎಣಿಸಿದ್ದಾರೆ. ಎಣಿಸಿದ ಹಾಳೆ ಎಲ್ಲೋ ಇರಬೇಕಲ್ವಾ? ಒಂದು ಕಚೇರಿಗೆ ಹೋದೆ. "ಪಹಣಿನಾ, ಖಾತೆನಾ?" ಎಂದರು ಗುಮಾಸ್ತರು. ಎರಡೂ ಅಲ್ಲ, ಮುತ್ತಜ್ಜನ ಮನೆ ಎಲ್ಲಿತ್ತು ಅಂತ ನೋಡಬೇಕು, ಸುಮ್ನೆ ಎಂದೆ. ಆ 'ಸುಮ್ನೆ'ಯೇ ನನಗೆ ಮುಳುವಾಯಿತು. ನಮ್ಮ ಕಡೆ ಸುಮ್ನೆ ಯಾರಾದರೂ ಮುತ್ತಜ್ಜನನ್ನು ಹುಡುಕುತ್ತಾರಾ? ಯಾವುದೋ ಗದ್ದೆಗೆ ಪಾಲು ಕೇಳಲು ಹೊರಟಿದ್ದೇನೆ ಎಂದು ಸಂಜೆಯೊಳಗೆ ಸುದ್ದಿ ಹಬ್ಬಿತು. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ದೊಡ್ಡಪ್ಪನ ಮಗ ಫೋನ್ ಮಾಡಿ, "ಊಟ ಆಯ್ತಾ?" ಎಂದ.

ಆಮೇಲೆ ಗೊತ್ತಾಯಿತು. ನಮ್ಮ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಮನೆಮನೆಯ ವಿವರ ಗುಟ್ಟು. ಊರಿನಲ್ಲಿ ಎಷ್ಟು ತಲೆ ಇತ್ತು ಅಂತ ಹೇಳುತ್ತಾರೆ, ಯಾರ ತಲೆ ಅಂತ ಹೇಳುವುದಿಲ್ಲ.

ಉಳಿದದ್ದು ಚರ್ಚಿನ ಜ್ಞಾನಸ್ನಾನದ ರಿಜಿಸ್ಟರ್. ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ಶಾಸ್ತ್ರ ಅದು; ಮಗುವಿನ ಹೆಸರು, ತಾಯಿ, ಊರು, ಮಗುವಿನ ಪರವಾಗಿ ನಿಲ್ಲುವ ಜ್ಞಾನತಂದೆ, ಎಲ್ಲಾ ಅದರಲ್ಲಿ ಬರೆದಿರುತ್ತಾರೆ. ನಮ್ಮವರು ಶೆಟ್ಟಿಹಳ್ಳಿಯವರು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ದೊಡ್ಡ ಚರ್ಚು ಅಲ್ಲಿದೆ. ಗೊರೂರಿನ ಹೇಮಾವತಿ ಅಣೆಕಟ್ಟು ಬಂದಮೇಲೆ ಊರು ಖಾಲಿಯಾಯಿತು. ಹಳೇ ಪುಸ್ತಕ ಬೇರೊಂದು ಚರ್ಚಿನ ಬೀರುವಿನಲ್ಲಿದೆ ಎಂದು ಅಜ್ಜಿ ಹೇಳಿತು. ಅಲ್ಲಿಯ ಫಾದರ್ ನಗುನಗುತ್ತಾ ಬೀಗ ತೆಗೆದರು. ಪುಸ್ತಕ ಬಿಡಿಸಿದ್ದೇ ತಡ, ನನಗೆ ಹನ್ನೊಂದು ಸೀನು. ಹನ್ನೆರಡನೆಯದಕ್ಕೆ ಒಂದು ಹಾಳೆಯ ಮೂಲೆ ಹಾರಿಹೋಗಿ ಮೇಜಿನ ಕೆಳಗೆ ಬಿತ್ತು. ಫಾದರ್ ನಗು ನಿಲ್ಲಿಸಿದರು.

ಮುತ್ತಜ್ಜನ ಹೆಸರು ಚಿನ್ನಪ್ಪ. ಎರಡು ಗಂಟೆ ಹುಡುಕಿದೆ. ಇಡೀ ಪುಸ್ತಕದಲ್ಲಿ ಒಬ್ಬ ಚಿನ್ನಪ್ಪನೂ ಇಲ್ಲ! ಫಾದರ್ ಕಾಫಿ ಕುಡಿದು ಬಂದು, "ಅಯ್ಯೋ, ಪುಸ್ತಕ ಲ್ಯಾಟಿನ್ನಿನಲ್ಲಿದೆ. ಚಿನ್ನಪ್ಪ ಅಂದ್ರೆ ಸಂತ ಪೌಲ. ಪೌಲುಸ್ ಅಂತ ನೋಡಿ" ಎಂದರು. ಹಾಗೇ ರಾಯಪ್ಪ ಅಂದರೆ ಪೇತ್ರ, ಅರುಳಪ್ಪ ಅಂದರೆ ಯೊವಾನ್ನ. ಇದನ್ನು ಕಾಫಿಗೆ ಮೊದಲೇ ಹೇಳಬಹುದಿತ್ತು.

ಪೌಲುಸ್‌ಗಳು ನಾಲ್ಕು ಜನ ಸಿಕ್ಕರು. ಮೂವರ ತಾಯಿ ಮರಿಯ. ಊರಿನ ಕಾಲಂನಲ್ಲಿ ನಾಲ್ಕಕ್ಕೂ ಒಂದೇ: 'ಶೆಟ್ಟಿಅಳ್ಳಿ'. ಫ್ರೆಂಚರ ಬಾಯಲ್ಲಿ 'ಹ' ಹೊರಡುವುದಿಲ್ಲ, ನಮ್ಮ ಹಳ್ಳಿಯವರ ಬಾಯಲ್ಲೂ ಹೊರಡುವುದಿಲ್ಲ. ಪಾಪ, 'ಹ'ಕ್ಕೆ ಅಲ್ಲಿ ದಿಕ್ಕೇ ಇರಲಿಲ್ಲ. ಮನೆ ನಂಬರ್, ಬೀದಿ ಹೆಸರಂತೂ ಕೇಳಲೇಬೇಡಿ.

ಅಜ್ಜಿಗೆ ಫೋನ್ ಮಾಡಿದೆ. ಮುತ್ತಜ್ಜ ಎಂದರೆ ಅಜ್ಜಿಗೆ ಮಾವ.

"ನಮ್ಮ ಮಾವನ ಜ್ಞಾನತಂದೆ ಎಮ್ಮೆ ಚೌರಪ್ಪ ಕಣ್ ಮಗ. ಜ್ಞಾನಸ್ನಾನದ ದಿನ ಎಮ್ಮೆಕರ ಕೊಡ್ತೀನಿ ಅಂದಿದ್ದನಂತೆ. ಕೊಡಲೇ ಇಲ್ಲ. ಮುಂಡೇಗಂಡ."

ನೂರು ವರ್ಷ ದಾಟಿದ ಬಾಕಿ. ಚೌರಪ್ಪ ಅಂದರೆ ಕ್ಸೇವಿಯರ್. ಮೂರನೆಯ ಪೌಲುಸ್‌ನ ಸಾಲಿನಲ್ಲಿ ಜ್ಞಾನತಂದೆ ಕ್ಸೇವಿಯರ್ ಕೂತಿದ್ದ. ಎಮ್ಮೆಯ ವಿಷಯ ಬರೆದಿರಲಿಲ್ಲ.

"ಮನೆ ಎಲ್ಲಿತ್ತಜ್ಜಿ?"

"ಚರ್ಚಿನ ಬಾಗಿಲಿಗೆ ಬೆನ್ನು ಹಾಕಿ ನಿಂತ್ಕೋ. ಎಡಕ್ಕೆ ಹುಣಸೇಮರ. ಅದರ ಹಿಂದಿನ ಮನೆ."

"ಕಿಟಕಿ ಎಷ್ಟಿತ್ತು?"

"ಕಿಟಕಿ ಯಾಕ್ಲಾ? ಕಳ್ಳ ಬರೋಕಾ? ಒಲೆ ಮೇಲೊಂದು ಬೆಳಕಿಂಡಿ ಇತ್ತು ಅಷ್ಟೆ."

ಮೇ ತಿಂಗಳಲ್ಲಿ ನೀರು ಇಳಿದಾಗ ಹೋದೆ. ಸೂರಿಲ್ಲದ ಚರ್ಚಿನ ಬಾಗಿಲಿಗೆ ಬೆನ್ನು ಹಾಕಿ ನಿಂತೆ. ಎಡಕ್ಕೆ ಹುಣಸೇಮರ ಇಲ್ಲ, ಕೆಸರು ಇದೆ. ಅಂದಾಜಿನ ಮೇಲೆ ನಲವತ್ತು ಹೆಜ್ಜೆ ನಡೆದೆ. ಮೇಲೆ ಬಿರುಕುಬಿಟ್ಟ ಒಣ ಮಣ್ಣು, ಕೆಳಗೆ ಹಲಸಿನಹಣ್ಣಿನ ಸೊಳೆಯಂತೆ ಮೆತ್ತಗೆ. ಬಲಗಾಲು ಮೊಣಕಾಲಿನವರೆಗೆ ಹೋಯಿತು. ಕಾಲು ವಾಪಸ್ ಬಂತು, ಚಪ್ಪಲಿ ಬರಲಿಲ್ಲ. ಪಕ್ಕದಲ್ಲಿ ಸಾಲಾಗಿ ನಾಲ್ಕು ಕಲ್ಲು ಕಂಡವು. ಇದೇ ನಡುಮನೆ ಅಂದುಕೊಂಡು ಒಂದರ ಮೇಲೆ ಕೂತೆ. ಗಂಟಲು ಸ್ವಲ್ಪ ಕಟ್ಟಿತು.

"ಅಂಕಲ್, ಸ್ವಲ್ಪ ಆಚೆ ಹೋಗ್ತೀರಾ? ಫ್ರೇಮಲ್ಲಿ ಬರ್ತಿದೀರ."

ತಿರುಗಿದರೆ ಪ್ರೀ ವೆಡ್ಡಿಂಗ್ ಶೂಟ್. ಕೆಂಪು ಗೌನಿನ ಹುಡುಗಿ, ಕೋಟಿನಲ್ಲಿ ಬೇಯುತ್ತಿದ್ದ ಹುಡುಗ. ಇದು ನಮ್ಮ ಮನೆ ಕಣಪ್ಪಾ ಎನ್ನಬೇಕೆನಿಸಿತು. ಒಂದೇ ಚಪ್ಪಲಿ ಹಾಕಿಕೊಂಡವನ ಮಾತು ಯಾರು ನಂಬುತ್ತಾರೆ? ಎದ್ದೆ. ಬಿಟ್ಟಿ ಅಂತ ಅದೇ ಫೋಟೋಗ್ರಾಫರ್ ಹತ್ತಿರ ನನ್ನದೂ ಒಂದು ಫೋಟೋ ತೆಗೆಸಿ, ಅಳಿಯನಿಗೆ ಕಳಿಸಿದೆ. ಫೋಟೋದಲ್ಲಿ ನನ್ನ ಹಿಂದೆ ಚರ್ಚಿನ ಒಂದು ಪಕ್ಕದ ಗೋಡೆ ಮಾತ್ರ ಬಂದಿತ್ತು.

ಬೆಳಿಗ್ಗೆ ಉತ್ತರ ಬಂದಿತ್ತು. "ಮಾಮ, ಇಷ್ಟೊಂದು ಕಿಟಕಿನಾ! ಅದೂ ಇಷ್ಟು ಎತ್ತರದ್ದು! ಅವನ ಮುತ್ತಜ್ಜನದು ಬರೀ ಎರಡು. ಆಫೀಸಲ್ಲಿ ಎಲ್ಲರಿಗೂ ತೋರಿಸಿದೆ."

ಒಂದು ಹೆಬ್ಬೆರಳು ಒತ್ತಿ, ಚಪ್ಪಲಿ ಅಂಗಡಿಗೆ ಹೊರಟೆ.