ಗ್ಯಾಲನ್ನಿಗೆ 35 ಸೆಂಟ್ ಮಾಮೂಲು

1870ರ ದಶಕದ ಅಮೆರಿಕದಲ್ಲಿ ಒಂದು ಗ್ಯಾಲನ್ ವಿಸ್ಕಿಗೆ 70 ಸೆಂಟ್ ತೆರಿಗೆ. ಸೇಂಟ್ ಲೂಯಿಸ್‌ನ ಭಟ್ಟಿ ಮಾಲೀಕರಿಗೆ ಮಾತ್ರ ಬೇರೊಂದು ದರಪಟ್ಟಿ ಇತ್ತು. ತೆರಿಗೆ ಅಧಿಕಾರಿಗಳ ಕೈಗೆ 35 ಸೆಂಟ್ ಇಟ್ಟರೆ ಸಾಕು, ಪೀಪಾಯಿಯ ಮೇಲೆ 'ತೆರಿಗೆ ಸಂದಿದೆ' ಎಂಬ ಮುದ್ರೆ ಬೀಳುತ್ತಿತ್ತು. ಸಂದದ್ದು ನಿಜವೇ, ಎಲ್ಲಿಗೆ ಎಂದು ಮುದ್ರೆ ಹೇಳುತ್ತಿರಲಿಲ್ಲ.

ಈ ರಿಯಾಯಿತಿ ಮಾರಾಟದ ಯಜಮಾನ ಜನರಲ್ ಜಾನ್ ಮೆಕ್‌ಡೊನಾಲ್ಡ್. ಹುದ್ದೆ: ತೆರಿಗೆ ಮೇಲ್ವಿಚಾರಕ. ವಸೂಲಿಗೆ ಮೊದಲು ಹೇಳಿದ ನೆಪ ಅಧ್ಯಕ್ಷ ಗ್ರಾಂಟ್ ಅವರ ಮರುಚುನಾವಣೆಯ ಖರ್ಚು. 1872ರಲ್ಲಿ ಚುನಾವಣೆ ಮುಗಿಯಿತು, ಪಾಪ, ಖರ್ಚು ಮುಗಿಯಲಿಲ್ಲ.

ವಾಷಿಂಗ್ಟನ್ನಿನಿಂದ ತಪಾಸಣೆಗೆ ಜನ ಹೊರಡುವ ಸುದ್ದಿ ಭಟ್ಟಿಗಳಿಗೆ ಮುಂಚೆಯೇ ಮುಟ್ಟುತ್ತಿತ್ತು. 1874ರ ಡಿಸೆಂಬರಿನ ಒಂದು ತಂತಿ ನೋಡಿ: "ನನ್ನ ಕೆಲಸ ಆಯಿತು. ಅವರು ಹೊರಡುವುದಿಲ್ಲ. ಪತ್ರ ಬರೆಯುತ್ತೇನೆ." ಕೆಳಗೆ 'ಸಿಲ್ಫ್' ಎಂಬ ಸಹಿ. ಗಾಳಿಯಲ್ಲಿ ತೇಲುವ ಯಕ್ಷಿಣಿಗೆ ಆ ಹೆಸರು. ನಮ್ಮ ಈ ಯಕ್ಷಿಣಿಗೆ ಮಾತ್ರ ಗಡ್ಡಮೀಸೆ ಇತ್ತು, ಶ್ವೇತಭವನದಲ್ಲಿ ಮೇಜು ಇತ್ತು: ಅಧ್ಯಕ್ಷರ ಖಾಸಗಿ ಕಾರ್ಯದರ್ಶಿ ಆರ್ವಿಲ್ ಬ್ಯಾಬ್‌ಕಾಕ್.

ಹಣಕಾಸು ಮಂತ್ರಿ ಬ್ರಿಸ್ಟೋಗೆ ತನ್ನ ಇಲಾಖೆಯವರ ಮೇಲೆಯೇ ನಂಬಿಕೆ ಉಳಿದಿರಲಿಲ್ಲ. ಕಳ್ಳಲೆಕ್ಕ ಹಿಡಿಯಲು ಪತ್ರಿಕೆಯೊಂದರ ವಾಣಿಜ್ಯ ವರದಿಗಾರನನ್ನು ಹಿಡಿದರು. ಆತ ವ್ಯಾಪಾರದ ಅಂಕಿಅಂಶ ಬರೆದುಕೊಳ್ಳುವವನಂತೆ ಊರೆಲ್ಲ ಸುತ್ತಿ, ಸಾಗಣೆಯಾದ ವಿಸ್ಕಿಯ ಲೆಕ್ಕ ಹಾಕಿದ. ತೆರಿಗೆ ಪುಸ್ತಕದಲ್ಲಿ ಅಷ್ಟು ವಿಸ್ಕಿ ಹುಟ್ಟಿಯೇ ಇರಲಿಲ್ಲ! 1875ರ ಮೇ 10ರಂದು ದಾಳಿ ನಡೆಯಿತು. ಕೊನೆಗೆ ವಸೂಲಾದದ್ದು 30 ಲಕ್ಷ ಡಾಲರಿಗೂ ಹೆಚ್ಚು, ಶಿಕ್ಷೆಯಾದದ್ದು 110 ಮಂದಿಗೆ.

"ತಪ್ಪಿತಸ್ಥ ಒಬ್ಬನೂ ತಪ್ಪಿಸಿಕೊಳ್ಳಕೂಡದು" ಎಂದು ಗ್ರಾಂಟ್ ಗುಡುಗಿದರು. ತನಿಖೆ ಅವರದೇ ಹೊಸ್ತಿಲಿಗೆ ಬಂದಾಗ ಗುಡುಗು ಅಲ್ಲೇ ನಿಂತಿತು. ವಿಶೇಷ ಅಭಿಯೋಜಕ ಹೆಂಡರ್ಸನ್‌ರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. 1876ರ ಫೆಬ್ರವರಿಯಲ್ಲಿ ಅಧ್ಯಕ್ಷರು ಶ್ವೇತಭವನದಲ್ಲೇ ಕುಳಿತು, ತಮ್ಮ ಕಾರ್ಯದರ್ಶಿ ಅಪ್ಪಟ ಚಿನ್ನವೆಂದು ಪ್ರಮಾಣ ಮಾಡಿ ಸಾಕ್ಷಿ ನುಡಿದರು. ದೇಶದ ಮಹಾದಂಡನಾಯಕ ಹೇಳಿದ ಮೇಲೆ ಸೇಂಟ್ ಲೂಯಿಸ್‌ನ ಜ್ಯೂರಿ ಇಲ್ಲವೆನ್ನಲು ಆಗುತ್ತದೆಯೇ? ಬ್ಯಾಬ್‌ಕಾಕ್ ಖುಲಾಸೆಯಾದರು.

ಕಳ್ಳರನ್ನು ಹಿಡಿದ ಬ್ರಿಸ್ಟೋ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಜೈಲು ಸೇರಿದ್ದ ಮೆಕ್‌ಡೊನಾಲ್ಡ್‌ಗೆ ಅವಧಿಗೆ ಮುಂಚೆಯೇ ಕ್ಷಮಾದಾನ ಸಿಕ್ಕಿತು. ಯಕ್ಷಿಣಿಯನ್ನೂ ಸರ್ಕಾರ ಕೈಬಿಡಲಿಲ್ಲ, ದೀಪಸ್ತಂಭಗಳ ಇನ್‌ಸ್ಪೆಕ್ಟರ್ ಮಾಡಿತು. ಕಡಲತೀರದಲ್ಲಿ ಬೆಳಕು ಸರಿಯಾಗಿ ಬೀಳುತ್ತಿದೆಯೇ ಎಂದು ಪರೀಕ್ಷಿಸುವ ಕೆಲಸ.