ಮೋಲ್ಡ್ ಕೆಳಗಿನ ಸಂಸಾರ

ಮಹಡಿ ಕಟ್ಟಿಸ್ತೀವಿ ಅಂದರೆ ಸಾಕು, ಸಿಮೆಂಟು, ಕಬ್ಬಿಣದ ರೇಟು ಹೇಳಲು ಬೀದಿಯವರೆಲ್ಲ ಬರುತ್ತಾರೆ. ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಹಾಕಿದ ಮೇಲೆ ಅದರ ಕೆಳಗೆ ನಿಲ್ಲುವ ಕಾಡಿನ ವಿಷಯ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಕ್ಷೆಯಲ್ಲಿ ಹಾಲು, ರೂಮು ಅಂತಿದ್ದ ಕಡೆಯೆಲ್ಲ ನಮಗೆ ಕಂಡದ್ದು ಬರೀ ಸರ್ವೆ ಮರದ ಕಂಬಗಳು. ನೆಟ್ಟಗಿದ್ದದ್ದು ಅಪರೂಪ. ಗಿಡ್ಡವಾದ ಕಂಬದ ಕೆಳಗೆ ಹಲಗೆ ಚೂರು, ಸಂದಿಗೆ ಬಡಿದ ಮೈಸೂರುಪಾಕಿನ ತುಂಡಿನಷ್ಟು ಬೆಣೆ. ಹತ್ತಡಿಗೆ ಹತ್ತಡಿ ರೂಮಿನ 5 ಇಂಚಿನ ಮೋಲ್ಡ್ ಅಂದರೆ ಸುಮಾರು 2.8 ಟನ್. ಅಷ್ಟೂ ಭಾರ ಈ ಬೆಣೆಗಳ ಮೇಲೆ!

ಕಂಬ ಕಂಡ ಕೂಡಲೇ ಅಮ್ಮ ಬಟ್ಟೆ ಹಗ್ಗ ಕಟ್ಟಿದರು. ಮೇಲೆ ಕ್ಯೂರಿಂಗ್‌ಗೆ (ಕಾಂಕ್ರೀಟು ಗಟ್ಟಿಯಾಗಲಿ ಅಂತ) ನಿಲ್ಲಿಸಿದ್ದ ನೀರು ಮೋಲ್ಡ್ ಅಡಿಯ ಶೀಟಿನ ಸಂದಿಯಿಂದ ತೊಟ್ಟಿಕ್ಕಿ, ಚಿಕ್ಕಪ್ಪನ ಬಿಳಿ ಪಂಚೆಗೆ ಬೂದು ಚುಕ್ಕಿ ಇಟ್ಟಿತು. ಅವರು ಅದನ್ನೇ ಉಟ್ಟು ಮದುವೆಗೂ ಹೋಗಿಬಂದರು, ಪಾಪ.

ಸೆಂಟ್ರಿಂಗ್, ಅಂದರೆ ಈ ಕಂಬ, ಶೀಟುಗಳ ಆಸರೆ, ಬಿಚ್ಚುವುದು ಯಾವಾಗ ಅನ್ನೋದೇ ದೊಡ್ಡ ಪಂಚಾಯ್ತಿ. ಶೀಟಿನವನಿಗೆ ಬೇರೆ ಕಡೆ ಕೆಲಸವಿತ್ತು, "ಏಳು ದಿನ ಸಾಕು ಸಾರ್" ಅಂದ. ಇಂಜಿನಿಯರ್ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ತೆಗೆದರು. ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿನ (ನಮ್ಮ ಮಾತಲ್ಲಿ ಮೋಲ್ಡ್) ಕಂಬಕ್ಕೆ 7 ದಿನ, ದಾಟಿದರೆ 14. ನಮ್ಮ ಹಾಲು ಗಿಡ್ಡ ಕಡೆಯೇ 16 ಅಡಿ (ಸುಮಾರು 4.9 ಮೀಟರ್), ಹಾಗಾಗಿ 14. ಅವತ್ತು ಅಮಾವಾಸ್ಯೆ ಅಂತ ಅಮ್ಮ ಇನ್ನೂ ಮುಂದೂಡಿದರು. ಕಾಂಕ್ರೀಟಿಗೆ ಒಳ್ಳೆಯದೇ ಆಯಿತು, ಸೆಂಟ್ರಿಂಗ್ ಬಾಡಿಗೆ ಮಾತ್ರ ಓಡುತ್ತಿತ್ತು.

ಈ ನಡುವೆ ಒಂದು ಬೆಳಗ್ಗೆ ಮೇಸ್ತ್ರಿ ಕಂಬಗಳನ್ನು ಒಂದೊಂದಾಗಿ ತಟ್ಟುತ್ತಾ ಬಂದರು. ಮೂಲೆಯದೊಂದು ಸುಮ್ನೆ ಅಲ್ಲಾಡಿತು. ಬುಡದಲ್ಲಿ ಬೆಣೆಯೇ ಇಲ್ಲ! ಹುಡುಕಿದರೆ ಅದು ಕೆಳಗೆ ಅಡುಗೆಮನೆಯಲ್ಲಿ, ಗ್ರೈಂಡರಿನ ಕಾಲಡಿ ಕೂತಿತ್ತು.

"ಅಮ್ಮಾವ್ರೇ, ಇದು ಮೋಲ್ಡ್‌ದು."

"ಅಲ್ಲಿ ಅಷ್ಟೊಂದು ಕಂಬ ಇವೆಯಲ್ಲಪ್ಪಾ. ಇದಕ್ಕಿರೋದು ನಾಲ್ಕೇ ಕಾಲು!"

ಮೇಸ್ತ್ರಿ ಮರುಮಾತಾಡದೆ ಮೇಲೆ ಹೋಗಿ ಹೊಸ ಬೆಣೆ ಕೆತ್ತಿ ಬಡಿದರು. ಕಾಫಿಗೆ ಬಂದಾಗ ಗ್ರೈಂಡರನ್ನೂ ಒಮ್ಮೆ ಅಲ್ಲಾಡಿಸಿ ನೋಡಿ, "ಇದು ಗಟ್ಟಿಯಾಗಿದೆ ಬಿಡಿ" ಅಂದರು.